ಬಾಳೆಹಣ್ಣಿನ ಪಟ್ಟಿ

ನಮ್ಮ ಚಿಕ್ಕಜಾಜೂರಿನ ಹೈಸ್ಕೂಲಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡುವ ದಿನ ಎರಡು ಸಾಲು ನಿಲ್ಲುತ್ತವೆ. ಒಂದು ಮೊಟ್ಟೆಯ ಸಾಲು, ಇನ್ನೊಂದು ಬಾಳೆಹಣ್ಣಿನ ಸಾಲು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಬೇಕೆಂಬುದು ನಿಯಮ. ಯಾರು ಯಾವ ಸಾಲು ಎಂದು ಜೂನ್ ತಿಂಗಳಲ್ಲೇ ಅಪ್ಪ ಅಮ್ಮಂದಿರ ಸಹಿ ಹಾಕಿಸಿಕೊಂಡು ಪಟ್ಟಿ ಮಾಡುತ್ತಾರೆ. ಅದರ ಒಂದು ಪ್ರತಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿರುತ್ತದೆ. ನಾನು ಮಂಗಳಾ, ಆ ಅಡುಗೆಮನೆಯ ಮುಖ್ಯ ಅಡುಗೆಯವಳಾಗಿದ್ದೆ. ಐದು ವರ್ಷ ಇನ್ನೂರ ನಲವತ್ತು ಮಕ್ಕಳಿಗೆ ಬೇಯಿಸಿ ಬಡಿಸಿದ್ದೇನೆ. ನನ್ನ ಸಾರಿಗೆ ಹೆಸರಿತ್ತು, ನನ್ನ ಬಾಯಿಗೂ ಹೆಸರಿತ್ತು. ಎರಡರಲ್ಲಿ ಯಾವುದು ಹೆಚ್ಚು ಖಾರ ಎಂದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಬೋರಕ್ಕನನ್ನು ಕೇಳಬೇಕು.

ಚಿಕ್ಕ ಮಕ್ಕಳು ಹಸಿವಾದರೆ ಉಣ್ಣುತ್ತವೆ. ಹೈಸ್ಕೂಲಿಗೆ ಬಂದವು ಪಕ್ಕದವರನ್ನು ನೋಡಿ ಉಣ್ಣುತ್ತವೆ. ಇದು ಯಾವ ಪುಸ್ತಕದಲ್ಲಿ ಓದಿದ್ದೂ ಅಲ್ಲ, ಸೌಟು ಹಿಡಿದು ನಿಂತು ಕಂಡಿದ್ದು. ಒಂದು ವರ್ಷ ಹತ್ತನೇ ಕ್ಲಾಸಿನ ಹುಡುಗನೊಬ್ಬ ಮೊಬೈಲಿನಲ್ಲಿ ಯಾವನೋ ತೋಳು ಉಬ್ಬಿಸುವವನನ್ನು ನೋಡಿ, ಮೊಟ್ಟೆಯ ಬಿಳಿ ಮಾತ್ರ ತಿಂದು ಹಳದಿಯನ್ನು ಎಸೆಯಲು ಶುರು ಮಾಡಿದ. ವಾರದೊಳಗೆ ಹನ್ನೆರಡು ಜನ ಹಳದಿ ಎಸೆದರು. ಕಾಂಪೌಂಡಿನ ಆಚೆಯ ನಾಯಿಗಳು ಆ ವರ್ಷ ಮಿರಮಿರ ಮಿಂಚುತ್ತಿದ್ದವು. ಹುಡುಗಿಯರದು ಇನ್ನೊಂದು ಕಥೆ. ಸಾಲಿನಲ್ಲಿ ಮೊದಲು ನಿಂತವಳು ‘ಕಮ್ಮಿ ಹಾಕ್ರಿ ಆಂಟಿ’ ಎಂದರೆ ಮುಗಿಯಿತು, ಹಿಂದಿನವರೆಲ್ಲ ಕಮ್ಮಿ, ಕಮ್ಮಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಳ್ಳಿಯಿಂದ ನಡೆದು ಬಂದವಳೂ ಅನ್ನದ ಕಡೆ ಆಸೆಯಿಂದ ನೋಡುತ್ತಲೇ ಕಮ್ಮಿ ಎನ್ನುತ್ತಿದ್ದಳು. ನನಗೆ ಇದೆಲ್ಲ ದೊಡ್ಡ ತಮಾಷೆ. ಮನೆಗೆ ಹೋಗಿ ಅವರ ಹಾಗೆಯೇ ಮೂತಿ ಮಾಡಿ ತೋರಿಸಿ ನಗಿಸುತ್ತಿದ್ದೆ. ನಗುತ್ತಿದ್ದವಳು ನನ್ನ ಮಗಳು ಬೃಂದಾ.

ಬೃಂದಾ ನಮಗೆ ಒಬ್ಬಳೇ ಮಗಳು. ಅದೇ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಅವಳಪ್ಪ ತಿಪ್ಪೇಶ್ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದಾರೆ. ಅವರಿಗೆ ಮಾತು ಕಡಿಮೆ, ಅವರ ಪಾಲಿನದನ್ನೂ ನಾನೇ ಆಡುತ್ತೇನೆ. ನಮ್ಮ ಮನೆಯಲ್ಲಿ ಮೊಟ್ಟೆಗೆ ಏನೂ ಅಡ್ಡಿಯಿಲ್ಲ, ಕೋಳಿಗೂ ಇಲ್ಲ. ಬೃಂದಾಗಂತೂ ಬೇಯಿಸಿದ ಮೊಟ್ಟೆ ಎಂದರೆ ಪ್ರಾಣ. ಮೂರು ವರ್ಷದವಳಿದ್ದಾಗ ಸಿಪ್ಪೆ ಸುಲಿಯುವವರೆಗೂ ತಡೆಯದೆ ಸೀರೆ ಜಗ್ಗುತ್ತಿದ್ದಳು.

ಅವಳು ಆ ಜೂನ್‌ನಲ್ಲಿ ಫಾರಂ ತಂದು ನನ್ನ ಮುಂದೆ ಹಿಡಿದಳು. ಬಾಳೆಹಣ್ಣು ಎಂಬುದರ ಎದುರು ಆಗಲೇ ಗುರುತು ಹಾಕಿಕೊಂಡಿದ್ದಳು.

“ಇದೇನಲೇ ಇದು? ಯಾವಾಗ ದೀಕ್ಷೆ ತಗಂಡೆ?” ಎಂದೆ.

“ಮನೇಲಿ ತಿಂತೀನಿ. ಸ್ಕೂಲಲ್ಲಿ ಬ್ಯಾಡ.”

“ಯಾಕೆ? ನಾನು ಬೇಯ್ಸಿದ್ದು ಅಲ್ಲಿ ರುಚಿ ಇರಲ್ವಾ?”

“ಕೈಯೆಲ್ಲ ವಾಸನೆ ಬರುತ್ತೆ ಕಣಮ್ಮ. ಯಾರೂ ಪಕ್ಕದಾಗೆ ಕುಂತ್ಕಳಲ್ಲ.”

ಯಾರೂ ಅಂದರೆ ಯಶೋಧಾ. ಸ್ಟೇಷನ್ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಪರಮೇಶ್ವರಪ್ಪನವರ ಮಗಳು. ಅವರು ಮೂಲತಃ ಹೊರಕೆರೆದೇವಪುರದ ಕಡೆಯವರು, ಅವರ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟುವುದಿಲ್ಲ. ಏಳನೇ ಕ್ಲಾಸಿನಿಂದ ಇವರಿಬ್ಬರೂ ಒಂದೇ ಬೆಂಚು. ಮಧ್ಯಾಹ್ನ ವರಾಂಡದ ಕೊನೆಯಲ್ಲಿ ಯಶೋಧಾ, ಇನ್ನಿಬ್ಬರು ಹುಡುಗಿಯರು ಮತ್ತು ನನ್ನ ಮಗಳು ಗುಂಡಗೆ ಕೂರುತ್ತಿದ್ದರು. ಉಳಿದ ಮೂವರು ಮನೆಯಿಂದ ಡಬ್ಬಿ ತರುತ್ತಿದ್ದರು. ನಮ್ಮವಳು ನನ್ನ ಅನ್ನ ಸಾರಿನ ತಟ್ಟೆ ಹಿಡಿದು ಹೋಗುತ್ತಿದ್ದಳು. ಡಬ್ಬಿಗಳ ನಡುವೆ ಅದೊಂದೇ ಸ್ಟೀಲ್ ತಟ್ಟೆ ಎಂಬುದು ನನ್ನ ಕಣ್ಣಿಗೂ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಗುತ್ತಲೇ ಸಹಿ ಹಾಕಿದೆ.

ಸಂಜೆ ನಾಲ್ಕೂವರೆಗೆ ಮನೆಗೆ ಬಂದವಳು ಚೀಲ ಬಿಸಾಕಿ ನೇರ ಅಡುಗೆಮನೆಗೆ ನುಗ್ಗುತ್ತಿದ್ದಳು. ಮಧ್ಯಾಹ್ನದ ಎರಡು ತುತ್ತು ಎಲ್ಲಿಗೆ ಸಾಲಬೇಕು? ಒಂದು ಮುದ್ದೆ, ಎರಡು ಮೊಟ್ಟೆ, ಅದರ ಮೇಲೆ ಅನ್ನ. ನಾನು ಸುಮ್ಮನೆ ಬಡಿಸಬಹುದಿತ್ತು. “ಹಗಲು ಸನ್ಯಾಸಿ, ಸಂಜೆ ಬಕಾಸುರ” ಎನ್ನುತ್ತಿದ್ದೆ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಿಂದ ನನ್ನ ನಾದಿನಿ ಮನೆಯವರು ಬಂದಾಗ ಅವರೆದುರೇ, “ಇವಳ ಯೂನಿಫಾರಂ ಹೊಲಿಗೆ ಬಿಚ್ಚಿ ಬಿಚ್ಚಿ ಬಟ್ಟೇನೇ ಮುಗೀತು ನೋಡ್ರಿ, ಇನ್ನು ಪಕ್ಕದ ಮನೆಯವಳ ಲಂಗಕ್ಕೆ ಜೋಡಿಸಬೇಕು” ಎಂದೆ. ಎಲ್ಲರೂ ನಕ್ಕರು. ಬೃಂದಾನೂ ನಕ್ಕಳು. ತಟ್ಟೆಯಲ್ಲಿದ್ದ ಎರಡನೆಯ ಮೊಟ್ಟೆಯನ್ನು ಮೆಲ್ಲಗೆ ವಾಪಸ್ ಪಾತ್ರೆಗೆ ಹಾಕಿದಳು. ಅದನ್ನು ನೋಡಿದ್ದೆ, ಹೊಟ್ಟೆ ತುಂಬಿರಬೇಕು ಅಂದುಕೊಂಡೆ. ನಮ್ಮ ಕಡೆ ಅಕ್ಕರೆ ಇರುವುದೇ ಹೀಗೆ, ಕಾಲೆಳೆದೇ ಮುದ್ದು ಮಾಡುವುದು. ನನ್ನನ್ನೂ ಹೊಸದುರ್ಗದ ತವರಿನಲ್ಲಿ ಹೀಗೆಯೇ ಬೆಳೆಸಿದ್ದರು. ನನಗೇನೂ ಆಗಿರಲಿಲ್ಲ ಎಂದು ಆಗ ನಂಬಿದ್ದೆ.

ಆಗಸ್ಟ್‌ನ ಒಂದು ಶುಕ್ರವಾರ. ಬೆಳಿಗ್ಗೆ ಅವಳು ಏನೂ ತಿನ್ನದೆ ಹೋಗಿದ್ದಳು. ಸಾಲಿನಲ್ಲಿ ಬಂದಾಗ ಮುಖ ನೋಡಿದರೆ ಸುಣ್ಣ ಬಳಿದ ಹಾಗಿತ್ತು. “ಕಮ್ಮಿ” ಎಂದಳು, ನನ್ನ ಮುಖವನ್ನೂ ನೋಡದೆ. ಊರ ಮಕ್ಕಳಿಗೆಲ್ಲ ಮೊಟ್ಟೆ ಸುಲಿದು ಕೊಡುವ ಕೈ ನನ್ನದು, ನನ್ನ ಮಗಳು ಬಿಳಿಚಿಕೊಂಡು ಬಾಳೆಹಣ್ಣು ಹಿಡಿದು ಹೋಗುತ್ತಾಳಲ್ಲ ಎನಿಸಿತು. ಯಾರೂ ನೋಡದ ಹಾಗೆ ತಟ್ಟೆಗೆ ಒಂದು ಮೊಟ್ಟೆ ಇಟ್ಟು, ಮೇಲೆ ಅನ್ನ ಮುಚ್ಚಿ, ಸಾರು ಹುಯ್ದು ಕೊಟ್ಟೆ. ಗೊತ್ತಾಗದ ಹಾಗೆ ತಿಂದುಕೊಳ್ಳುತ್ತಾಳೆ ಎಂದು ನನ್ನ ಲೆಕ್ಕಾಚಾರ. ಅನ್ನದ ಗುಡ್ಡೆಯೊಳಗೆ ಇಡೀ ಮೊಟ್ಟೆ ಬಚ್ಚಿಡಬಹುದು ಎಂದು ನಂಬಿದ ಅಡುಗೆಯವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅವಳು ವರಾಂಡದ ಕೊನೆಗೆ ಹೋಗಿ ಕೂತು ಅನ್ನಕ್ಕೆ ಕೈ ಹಾಕಿದಳು. ಮೊಟ್ಟೆ ಜಾರಿ ತಟ್ಟೆಯ ಅಂಚಿಗೆ ಬಂದು, ಅಲ್ಲಿಂದ ನೆಲಕ್ಕೆ ಬಿದ್ದು, ಯಶೋಧಾಳ ಡಬ್ಬಿಯ ಹತ್ತಿರ ಉರುಳಿತು. ಯಶೋಧಾ ತಟಕ್ಕನೆ ಡಬ್ಬಿ ಎಳೆದುಕೊಂಡಳು. ಅಷ್ಟೇ. ಬೃಂದಾ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, “ಯಾರೋ ತಪ್ಪಿ ಹಾಕಿದಾರೆ. ನಾವು ತಿನ್ನಲ್ಲ” ಎಂದಳು.

ನಾನು ಅಲ್ಲಿಗೆ ಬಿಡಬೇಕಿತ್ತು. ಹೌದು, ತಪ್ಪಿ ಬಂತು ಎಂದು ಒಂದು ಸುಳ್ಳು ಹೇಳಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಆದರೆ ಐದು ವರ್ಷದಲ್ಲಿ ಒಂದು ದಿನವೂ ನಾನು ಪಟ್ಟಿ ತಪ್ಪಿಸಿದವಳಲ್ಲ. ಬಾಳೆಹಣ್ಣಿನ ಮಕ್ಕಳ ತಟ್ಟೆ ಮುಟ್ಟುವ ಮುಂಚೆ ಕೈ ತೊಳೆಯುತ್ತಿದ್ದವಳು. ಬಡಿಸುವುದರಲ್ಲಿ ತಪ್ಪು ಎಂದು ಹೆತ್ತ ಮಗಳೇ ಹೇಳಿದ್ದು ಕೇಳಿ ನನಗೆ ಪಿತ್ತ ನೆತ್ತಿಗೇರಿತು. “ನಾವು ತಿನ್ನಲ್ಲ” ಎಂದದ್ದು ಅದಕ್ಕಿಂತ ಉರಿಯಿತು. ನಮ್ಮ ಮನೆ, ನಮ್ಮ ಒಲೆ, ನಮ್ಮ ಊಟ ಅವಳಿಗೆ ನಾಚಿಕೆಯಾಯಿತೇ? ಸೌಟು ಹಿಡಿದುಕೊಂಡೇ ಕೂಗಿದೆ.

“ತಪ್ಪಿ ಯಾಕೆ ಹಾಕ್ಲಿ? ಮನೇಲಿ ದಿನಾ ಎರಡೆರಡು ನುಂಗ್ತೀಯ, ಇಲ್ಲಿ ಯಾರ ಮುಂದೆ ನಾಟ್ಕ ಮಾಡ್ತೀಯ?”

ವರಾಂಡಕ್ಕೆ ವರಾಂಡವೇ ನಕ್ಕಿತು. ಹುಡುಗರು ಸಿಳ್ಳೆ ಹೊಡೆದರು. ಮಕ್ಕಳು ನಕ್ಕಾಗ ನನಗೂ ನಗು ಬಂದುಬಿಡುತ್ತದೆ, ಅದು ನನ್ನ ಹಣೆಬರಹ. ನಾನೂ ನಕ್ಕೆ.

ಅವತ್ತಿನಿಂದ ಬೃಂದಾ ಮನೆಯಲ್ಲೂ ಮೊಟ್ಟೆ ಮುಟ್ಟಲಿಲ್ಲ. ಎರಡು ದಿನದ ಮುನಿಸು, ಇಳಿಯುತ್ತದೆ ಎಂದುಕೊಂಡೆ. ಆಮೇಲೆ ಮುದ್ದೆ ಬಿಟ್ಟಳು. ಆಮೇಲೆ ಸಂಜೆ ಅಡುಗೆಮನೆಗೆ ಬರುವುದನ್ನೇ ಬಿಟ್ಟಳು. ಕೇಳಿದರೆ “ಸ್ಕೂಲಲ್ಲೇ ಜಾಸ್ತಿ ತಿಂದೆ” ಎನ್ನುತ್ತಿದ್ದಳು. ಸ್ಕೂಲಿನಲ್ಲಿ ತಟ್ಟೆ ಹಿಡಿದು ಸಾಲಿಗೆ ಬರುತ್ತಿದ್ದಳು, ನಾನು ಹಾಕಿದ್ದನ್ನು ಹಾಕಿಸಿಕೊಂಡು ಹೋಗುತ್ತಿದ್ದಳು, ತಟ್ಟೆ ತೊಳೆದು ತರುತ್ತಿದ್ದಳು. ಸೆಪ್ಟೆಂಬರ್‌ನ ಒಂದು ದಿನ ಬೋರಕ್ಕ ನನ್ನನ್ನು ಕೈ ಹಿಡಿದು ನಲ್ಲಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಚರಂಡಿಯ ಪಕ್ಕ ಒಂದು ತಟ್ಟೆಯಷ್ಟು ಅನ್ನ, ನನ್ನ ಸಾರು, ಹಾಗೆ ಹಾಗೆಯೇ ಬಿದ್ದಿತ್ತು.

“ದಿನಾ ಇದೇ ಕಣೇ ಮಂಗಳಾ. ನಾನು ಯಾರೋ ಅಂದ್ಕಂಡಿದ್ದೆ. ಇವತ್ತು ಕಣ್ಣಾರೆ ನೋಡಿದೆ, ನಿನ್ನ ಮಗಳು” ಎಂದಳು.

ಅಲ್ಲಿಂದ ಮುಂದೆ ನಾನು ಮಾಡದ ಕೆಲಸವಿಲ್ಲ. ಬೈದೆ. ಕಣ್ಣೀರು ಹಾಕಿದೆ. ಎಳ್ಳು ಹೋಳಿಗೆ ಮಾಡಿದೆ. ತುತ್ತು ಮಾಡಿ ಬಾಯಿಗೆ ತುರುಕಲು ಹೋದೆ, ಅವಳು ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಒಂದು ಏಟೂ ಹೊಡೆದೆ, ಆ ಕೈಯನ್ನು ಇವತ್ತಿಗೂ ನನಗೆ ನೋಡಿಕೊಳ್ಳಲು ಆಗುವುದಿಲ್ಲ. ಅತ್ತೆ ಚಿತ್ತಮ್ಮ, “ಸಾಲಾಗಿ ನಿಂತ್ಕಂಡು ಇನ್ನೂರು ಕಣ್ಣು ನೋಡ್ತವೆ, ದೃಷ್ಟಿ ಆಗೈತೆ” ಎಂದು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿಯ ಘಾಟು ಬರಲಿಲ್ಲ, ದೃಷ್ಟಿಯೇ ಎಂದು ಅವರಿಗೆ ಖಾತ್ರಿಯಾಯಿತು. ಬೃಂದಾಳ ಕಣ್ಣು ಮಾತ್ರ ದಿನದಿನಕ್ಕೂ ಒಳಗೆ ಹೋಗುತ್ತಿತ್ತು.

ದಸರಾ ರಜೆ ಮುಗಿದ ವಾರ ಅವಳು ಸ್ಕೂಲಿನ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಳು. ಬಿಸಿಯೂಟದ ಉಸ್ತುವಾರಿಯ ಶೋಭಾರಾಣಿ ಮಿಸ್ಸು ಓಡಿ ಬಂದು ನನ್ನನ್ನು ಕರೆದರು. ಇಬ್ಬರೂ ಆಟೋದಲ್ಲಿ ಅವಳನ್ನು ಹೊಳಲ್ಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಚೀಟಿ ನೋಡಿ, ಆಮೇಲೆ ನನ್ನನ್ನು ನೋಡಿದರು. ರಕ್ತದ ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದ ಕಡೆ ಏಳೂವರೆ. ಹೀಗೆಯೇ ಹೋದರೆ ರಕ್ತ ಏರಿಸಬೇಕಾಗುತ್ತದೆ, ಹೃದಯಕ್ಕೂ ಹೊರೆಯಾಗುತ್ತದೆ ಎಂದರು. “ನೀವು ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರು. ಅಡುಗೆ ಮಾಡ್ತೀನಿ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಮಾತ್ರೆ ಬರೆದುಕೊಟ್ಟು, “ಇದು ಬರೀ ರಕ್ತದ ಸಮಸ್ಯೆ ಅಲ್ಲ ಅನ್ಸುತ್ತೆ. ಚಿತ್ರದುರ್ಗದಲ್ಲಿ ಮಕ್ಕಳ ಜೊತೆ ಮಾತಾಡೋ ಆಪ್ತ ಸಲಹೆಗಾರರು ಇದ್ದಾರೆ, ಒಂದು ಸಲ ಕರ್ಕೊಂಡು ಹೋಗಿ” ಎಂದರು.

ನನಗೆ ಬೇರೆ ಕಡೆ ಹೋಗುವುದಿತ್ತು. ಮರುದಿನ ಸಂಜೆ ನೇರ ಯಶೋಧಾಳ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡೇ ಹೋದೆ. ಒಂದು ಮೊಟ್ಟೆಗೆ ಡಬ್ಬಿ ಎಳ್ಕಂಡೆಯಲ್ಲ, ನನ್ನ ಮಗಳ ಜೀವ ಹೋದ್ರೆ ಏನು ಎಳ್ಕಂತೀಯ, ಎಂದು ಅವಳ ಅಪ್ಪನ ಮುಂದೆಯೇ ಕೇಳಬೇಕೆಂದಿದ್ದೆ. ಪರಮೇಶ್ವರಪ್ಪನವರು ಅಂಗಡಿಯಲ್ಲಿದ್ದರು. ಬಾಗಿಲು ತೆರೆದವಳು ಯಶೋಧಾಳೇ. ನನ್ನನ್ನು ಕಂಡದ್ದೇ, “ಬರ್ರಿ ಆಂಟಿ, ಬೃಂದಾ ಎಂಗವ್ಳೆ?” ಎಂದಳು. ಕಣ್ಣು ತುಂಬಿಕೊಂಡಿದ್ದಳು. ಕಟ್ಟಿಕೊಂಡು ಹೋದ ಮಾತೆಲ್ಲ ಬಾಯಲ್ಲೇ ಉಳಿಯಿತು. ಆದರೂ ಕೇಳಿದೆ.

“ಡಬ್ಬಿ ಯಾಕೆ ಎಳ್ಕಂಡೆ?”

ತಲೆ ತಗ್ಗಿಸಿದಳು. “ಅಭ್ಯಾಸ ಆಂಟಿ. ಮನೇಲಿ ಹಂಗೇ ಕಲ್ಸವ್ರೆ. ಆಮೇಲೆ ನಂಗೇ ಬೇಜಾರಾತು, ಸಾರಿ ಅಂದೆ. ಅವಳು ಮೊಟ್ಟೆ ತಿಂತಾಳೆ ಅಂತ ನಂಗೆ ಏಳನೇ ಕ್ಲಾಸಿಂದ್ಲೂ ಗೊತ್ತು. ಅವಳಿಗೂ ನಂಗೆ ಗೊತ್ತು ಅಂತ ಗೊತ್ತು. ನಾವು ಆ ಮಾತೇ ಆಡ್ತಿರಲಿಲ್ಲ.”

“ಮತ್ಯಾಕೆ ಊಟ ಬಿಟ್ಲು?”

ಹೇಳಲೋ ಬೇಡವೋ ಎಂಬ ಹಾಗೆ ಬಾಗಿಲ ಚಿಲಕ ಆಡಿಸುತ್ತಿದ್ದಳು. “ಹುಡುಗ್ರು ಅವಳಿಗೆ ‘ಎರಡು ಮೊಟ್ಟೆ’ ಅಂತ ಹೆಸರಿಟ್ಟವ್ರೆ ಆಂಟಿ. ನೀವು ಅಂದಿದ್ದು ಕೇಳಿ. ಹಾಜರಿ ಕೂಗೋವಾಗ್ಲೂ ಅಂತಾರೆ. ಅವಳು ನಡ್ಕಂಡು ಹೋದ್ರೆ ಹಿಂದಿಂದ ಇಷ್ಟು ದಪ್ಪ ಅಂತ ಕೈಯಲ್ಲಿ ತೋರಿಸ್ತಾರೆ. ನಾನು ಒಬ್ಬನಿಗೆ ಹೊಡೆದೂ ಬಿಟ್ಟೆ” ಎಂದಳು. ಆಮೇಲೆ ಇನ್ನೂ ಮೆಲ್ಲಗೆ, “ಮೊದಲಿಂದ್ಲೂ ನಾವು ನಾಲ್ಕೂ ಜನ ಯಾರು ಕಮ್ಮಿ ತಿಂತಾರೆ ಅಂತ ನೋಡ್ತಿದ್ವಿ. ಸುಮ್ನೆ, ಆಟದ ಥರ. ನಾವು ಬಿಟ್ವಿ. ಅವಳು ಬಿಡಲಿಲ್ಲ.”

ಕೂರಲು ಹೇಳುವವರೆಗೂ ಕಾಯದೆ ಅವರ ಮೆಟ್ಟಿಲ ಮೇಲೆ ಕೂತೆ. ಜಗಳಕ್ಕೆಂದು ಹೋದವಳಿಗೆ ಆ ಹುಡುಗಿ ನೀರು ತಂದುಕೊಟ್ಟಳು. ಯಾರ ಮೇಲೆ ಕೂಗಲಿ? ಹೆಸರಿಟ್ಟ ಹುಡುಗರ ಮೇಲೆ ಕೂಗಬಹುದು. ಆದರೆ ಹೆಸರನ್ನು ಅವರ ಬಾಯಿಗೆ ಕೊಟ್ಟವಳು ನಾನು. ಅದೂ ಸೌಟು ಹಿಡಿದು, ಎಲ್ಲರಿಗೂ ಸಮವಾಗಿ ಬಡಿಸಿದ್ದೆ.

ಆ ಶನಿವಾರ ರೈಲಿನಲ್ಲಿ ಚಿತ್ರದುರ್ಗಕ್ಕೆ ಹೋದೆವು. ಆಪ್ತ ಸಲಹೆಗಾರ್ತಿ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಬೃಂದಾಳನ್ನು ಮಾತ್ರ ಒಳಗೆ ಕರೆದರು. ಮುಕ್ಕಾಲು ಗಂಟೆ. ಒಳಗೆ ಏನು ನಡೆಯುತ್ತಿದೆ ಎಂದು ಎರಡು ಸಲ ಬಾಗಿಲ ಹತ್ತಿರ ಹೋಗಿ ಬಂದೆ. ಆಮೇಲೆ ನನ್ನನ್ನೂ ಕರೆದರು. ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು.

“ಮಂಗಳಮ್ಮ, ನಿಮ್ಮ ಮಗಳು ನಿಮಗೆ ಒಂದು ಮಾತು ಹೇಳೋದೈತೆ. ಇವತ್ತೇ ಹೇಳ್ತಾಳೋ ನಾಳೆ ಹೇಳ್ತಾಳೋ ಗೊತ್ತಿಲ್ಲ. ಅವಳು ಹೇಳೋವರೆಗೂ ನೀವು ಏನೂ ಕೇಳಬ್ಯಾಡ್ರಿ. ಹೇಳಿದ ಮೇಲೂ ತಕ್ಷಣ ಉತ್ತರ ಕೊಡಬ್ಯಾಡ್ರಿ. ಆಗ್ತೈತಾ?”

ಆಗ್ತೈತೆ ಎಂದೆ. ನನಗೆ ಯಾರೂ ಅಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ.

ವಾಪಸ್ ರೈಲಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಜೋಳದ ಹೊಲ ಹೋಯಿತು, ಗಾಳಿಯಂತ್ರಗಳು ಹೋದವು, ಒಂದು ಸ್ಟೇಷನ್ ಹೋಯಿತು. ಶೇಂಗಾ ಮಾರುವವನು ಬಂದ. ತಗೊಳ್ತೀಯಾ ಎಂದು ಕೇಳಲು ಬಾಯಿ ತೆರೆದು, ಮತ್ತೆ ಮುಚ್ಚಿದೆ. ಎದುರು ಸೀಟಿನ ಮುದುಕ ನಾವಿಬ್ಬರೂ ಜಗಳವಾಡಿದ್ದೇವೆ ಎಂದುಕೊಂಡಿರಬೇಕು. ಊರು ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಬೃಂದಾ ತನ್ನ ಉಗುರು ನೋಡಿಕೊಳ್ಳುತ್ತ ಹೇಳಿದಳು.

“ಅಮ್ಮ, ನೀನು ನೋಡ್ತಾ ಇದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ.”

ಉತ್ತರ ಕೊಡಬಾರದಿತ್ತು, ಕೊಡಲಿಲ್ಲ.

“ಎಲ್ಲಿ ಕುಂತ್ರೂ ನೀನು ನೋಡ್ತಾ ಇರ್ತೀಯ. ಸ್ಕೂಲಲ್ಲೂ ನೀನೇ, ಮನೇಲೂ ನೀನೇ. ಎಷ್ಟು ತಿಂದೆ, ಎಷ್ಟು ಬಿಟ್ಟೆ, ಎಲ್ಲ ನಿಂಗೆ ಗೊತ್ತು. ಜಾಸ್ತಿ ತಿಂದ್ರೆ ನಗ್ತೀಯ, ಕಮ್ಮಿ ತಿಂದ್ರೆ ಬೈತೀಯ. ತುತ್ತು ಎತ್ತಿದ್ರೆ ಸಾಕು, ನೀನು ಏನಂತೀಯೋ ಅನ್ಸುತ್ತೆ. ಹಸಿವಾಗುತ್ತೆ ಅಮ್ಮ, ತುಂಬ ಹಸಿವಾಗುತ್ತೆ. ಆದ್ರೆ ಆಗಲ್ಲ.”

ಅವಳಿಗೆ ಹಸಿವೇ ಹೋಗಿದೆ ಎಂದುಕೊಂಡಿದ್ದೆ. ಹಸಿದುಕೊಂಡೇ ನನ್ನ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಎರಡು ತಿಂಗಳು. ಕೋಪವೂ ಬಂತು, ಸುಳ್ಳೇಕೆ ಹೇಳಲಿ. ನೋಡಬಾರದು ಎಂದರೆ ಹೇಗೆ, ಹೆತ್ತವಳು ನೋಡದೆ ಇನ್ಯಾರು ನೋಡಬೇಕು? ಆದರೆ ರೈಲು ನಿಂತಿತು, ಇಳಿಯುವ ಗಡಿಬಿಡಿ. ಇಳಿಯುವಾಗ ಅವಳು ನನ್ನ ಸೆರಗು ಹಿಡಿದುಕೊಂಡಿದ್ದಳು, ಅವಳ ಕೈಗೆ ಒಂದಿಷ್ಟೂ ತೂಕವಿರಲಿಲ್ಲ.

ಸೋಮವಾರ ಶೋಭಾರಾಣಿ ಮಿಸ್ಸಿನ ಹತ್ತಿರ ಹೋಗಿ, ನನ್ನನ್ನು ಬೇರೆ ಸ್ಕೂಲಿಗೆ ಹಾಕಿಸಿ ಎಂದೆ. ಮೂರು ಕಿಲೋಮೀಟರ್ ಆಚೆಯ ಹಟ್ಟಿಯ ಪ್ರಾಥಮಿಕ ಶಾಲೆಯಲ್ಲಿ ಸಹಾಯಕಿಯ ಜಾಗ ಖಾಲಿಯಿತ್ತು, ಮೂವತ್ತೆಂಟು ಮಕ್ಕಳು.

“ಮುಖ್ಯ ಅಡುಗೆಯವರಾಗಿದ್ದವರು ಸಹಾಯಕಿ ಆಗ್ತೀರಾ? ಐದು ವರ್ಷ ಕಟ್ಟಿದ್ದು ಬಿಟ್ಟು?” ಎಂದರು ಮಿಸ್ಸು.

“ಆಗ್ತೀನಿ. ನೀವು ಕಾಗದ ಬರೀರಿ” ಎಂದೆ. ಇನ್ನೂ ಒಂದು ಕೇಳಿದೆ. ಹೆಸರಿಟ್ಟ ಹುಡುಗರನ್ನು ಕರೆದು ಬುದ್ಧಿ ಹೇಳಿ, ಆದರೆ ಬೃಂದಾಳ ಹೆಸರು ಎತ್ತಬೇಡಿ ಎಂದು. ಅದನ್ನು ಅವರು ನನಗಿಂತ ಚೆನ್ನಾಗಿ ಮಾಡಿದರು. ಸೌಟನ್ನು ಬೋರಕ್ಕನ ಕೈಗೆ ಕೊಡುವಾಗ ನನಗೆ ಅಳು ತಡೆಯಲಾಗಲಿಲ್ಲ. ನಾನಿಲ್ಲದ ಸಾರನ್ನು ಆ ಮಕ್ಕಳು ಹೇಗೆ ಉಣ್ಣುತ್ತವೆ ಎಂದು ಹೊಟ್ಟೆಕಿಚ್ಚೂ ಆಯಿತು. ಚೆನ್ನಾಗಿಯೇ ಉಣ್ಣುತ್ತಿವೆಯಂತೆ, ಖಾರ ಕಮ್ಮಿಯಾಗಿದೆ ಎಂದು ಹೊಗಳುತ್ತವಂತೆ.

“ಅವಳು ತಿಂದ್ಲಾ ಇಲ್ವಾ ಅಂತ ದಿನಾ ಫೋನ್ ಮಾಡ್ತೀನಿ ಬಿಡು” ಎಂದಳು ಬೋರಕ್ಕ.

“ಮಾಡಿದ್ರೆ ನಿನ್ನ ಜೊತೆ ಮಾತು ಬಿಡ್ತೀನಿ. ನೀನೂ ನೋಡಬ್ಯಾಡ, ನಂಗೂ ಹೇಳಬ್ಯಾಡ” ಎಂದೆ.

ಹಟ್ಟಿಯ ಮಕ್ಕಳು ಇನ್ನೂ ಪಕ್ಕದ ತಟ್ಟೆ ನೋಡುವ ವಯಸ್ಸಿನವಲ್ಲ. ಮೂಗು ಸುರಿಸಿಕೊಂಡು, ಮೈತುಂಬ ಸಾರು ಚೆಲ್ಲಿಕೊಂಡು, ಇನ್ನೊಂದ್ಸಲ ಹಾಕು ಎಂದು ತಟ್ಟೆ ಬಡಿಯುತ್ತವೆ. ಒಬ್ಬಳು ನಾಲ್ಕು ವರ್ಷದವಳು ಅಕ್ಕನ ಜೊತೆ ಬಂದು ಕೂರುತ್ತಾಳೆ. ಅವಳಿಗೆ ಮೊಟ್ಟೆ ಸುಲಿದು ಕೊಡುವಾಗ, ನೀನೂ ಒಂಬತ್ತನೇ ಕ್ಲಾಸಿಗೆ ಹೋಗ್ತೀಯಲ್ಲ ಕಂದ ಎಂದುಕೊಳ್ಳುತ್ತೇನೆ.

ಮನೆಯಲ್ಲಿ ಹೊಸ ನಿಯಮ ಮಾಡಿದೆ. ಸಂಜೆ ಅಡುಗೆ ಮಾಡಿ ಮುಚ್ಚಿಟ್ಟು, ಬಟ್ಟೆ ಒಗೆಯುವ ನೆಪದಲ್ಲಿ ಹಿತ್ತಲಿಗೆ ಹೋಗುವುದು. ಹಾಕಿಕೊಳ್ಳುವುದು, ಬಿಡುವುದು ಅವಳಿಗೆ ಸೇರಿದ್ದು. ಅತ್ತೆಗೂ ತಿಪ್ಪೇಶರಿಗೂ ತಾಕೀತು ಮಾಡಿದೆ, ಅವಳ ತಟ್ಟೆಯ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. “ನಿನಗೇ ಹೇಳ್ಕೋ” ಎಂದರು ತಿಪ್ಪೇಶ್. ಅಪರೂಪಕ್ಕೆ ಮಾತಾಡಿದರೂ ಸರಿಯಾಗಿ ಮಾತಾಡುತ್ತಾರೆ. ನನಗೆ ಹೇಳಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ಬಾಯಿ ಮುಚ್ಚಬಹುದು, ಕಣ್ಣನ್ನೂ ಹಿತ್ತಲಿಗೆ ಒಯ್ಯಬಹುದು, ಆದರೆ ಕೈ ಸುಮ್ಮನಿರುವುದಿಲ್ಲ. ಐದು ವರ್ಷ ದೊಡ್ಡ ದೊಡ್ಡ ಪಾತ್ರೆ ಎತ್ತಿದ ಕೈಗೆ, ಪಾತ್ರೆ ಎತ್ತಿದ ಕೂಡಲೇ ಎಷ್ಟು ಖಾಲಿಯಾಗಿದೆ ಎಂದು ಗೊತ್ತಾಗುತ್ತದೆ. ಅವಳು ಓದಲು ಕೂತ ಮೇಲೆ ಕಳ್ಳಿಯ ಹಾಗೆ ಒಳಗೆ ಹೋಗಿ ಸಾರಿನ ಪಾತ್ರೆ ಎತ್ತಿ ನೋಡುತ್ತಿದ್ದೆ. ಒಂದು ದಿನ ಒಂದು ಸೌಟು ಕಡಿಮೆ. ಮರುದಿನ ಅಷ್ಟೂ ಹಾಗೆಯೇ. ಮತ್ತೊಂದು ದಿನ ಅರ್ಧ ಸೌಟು. ಆ ಅರ್ಧ ಸೌಟಿಗೆ ನಾನು ದೇವರಿಗೆ ಕೈ ಮುಗಿದಿದ್ದೇನೆ.

ಒಂದು ಸಂಜೆ ಹಾಗೆ ಹೋದಾಗ ಪಾತ್ರೆ ಇರಲಿಲ್ಲ. ಉಳಿದದ್ದನ್ನು ಬೇರೆ ಚಿಕ್ಕ ಪಾತ್ರೆಗೆ ಬಗ್ಗಿಸಿ ಮುಚ್ಚಿ, ದೊಡ್ಡದನ್ನು ತೊಳೆದು ಬೋರಲು ಹಾಕಿದ್ದಳು. ತಟ್ಟೆಯೂ ತೊಳೆದು ಬೋರಲು. ನಾನು ಎತ್ತಿ ನೋಡುವುದು ಅವಳಿಗೆ ಗೊತ್ತಾಗಿತ್ತು. ಒಂದು ಮಾತೂ ಆಡದೆ, ಮುಖವನ್ನೂ ಊದಿಸದೆ, ಆ ಬಾಗಿಲನ್ನೂ ಮುಚ್ಚಿದ್ದಳು. ನನಗೆ ಮೊದಲು ರೇಗಿತು. ಆಮೇಲೆ ಆ ಖಾಲಿ ಪಾತ್ರೆಯನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಉಂಡಿದ್ದಾಳೋ, ಹಿಂದಿನ ಹಾಗೆ ಎಲ್ಲಾದರೂ ಸುರಿದಿದ್ದಾಳೋ, ತಿಳಿಯುವ ದಾರಿಯೇ ಇಲ್ಲ. ನಂಬಬೇಕು, ಅಷ್ಟೇ. ನಂಬುವುದು ನನಗೆ ಬರುವುದಿಲ್ಲ. ಬೇಳೆ ಬೆಂದಿದೆಯೋ ಇಲ್ಲವೋ ಎಂದು ಹಿಚುಕಿ ನೋಡಿ ಬದುಕಿದವಳು ನಾನು.

ಹೀಗೆ ನವೆಂಬರ್ ಕಳೆಯಿತು. ಮಾತ್ರೆ ನುಂಗುತ್ತಿದ್ದಳು, ಚಿತ್ರದುರ್ಗಕ್ಕೆ ಅಪ್ಪನ ಜೊತೆ ಎರಡು ಸಲ ಹೋಗಿ ಬಂದಳು. ಅವರಿಬ್ಬರೂ ರೈಲಿನಲ್ಲಿ ಏನು ಮಾತಾಡುತ್ತಿದ್ದರೋ, ಬಹುಶಃ ಏನೂ ಇಲ್ಲ, ಅದೇ ಅವಳಿಗೆ ಒಳ್ಳೆಯದಾಗಿರಬೇಕು. ಯಶೋಧಾ ಭಾನುವಾರ ಮನೆಗೆ ಬರಲು ಶುರು ಮಾಡಿದಳು. ಇಬ್ಬರೂ ಬಾಗಿಲು ಹಾಕಿಕೊಂಡು ಏನೋ ಕಿಸಿಕಿಸಿ ನಗುತ್ತಿದ್ದರು. ಏನಕ್ಕೆ ನಗು ಎಂದು ಕೇಳಲು ಬಂದ ನಾಲಿಗೆಯನ್ನು ಎಷ್ಟು ಸಲ ಕಚ್ಚಿಕೊಂಡೆನೋ.

ಡಿಸೆಂಬರ್‌ನ ಒಂದು ಸಂಜೆ. ಮುದ್ದೆ ಕಟ್ಟಿ, ಹುರುಳಿ ಸಾರು ಮಾಡಿ ಮುಚ್ಚಿಟ್ಟು, ಎಂದಿನಂತೆ ಹಿತ್ತಲಿಗೆ ಹೋಗಿ ತಿಪ್ಪೇಶರ ಡ್ಯೂಟಿ ಬಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕುತ್ತಿದ್ದೆ. ಒಳಗೆ ತಟ್ಟೆಯ ಸದ್ದಾಯಿತು. ಸದ್ದಾಗದ ಹಾಗೆ ಬಟ್ಟೆ ಕೆಳಗಿಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಡುಗೆಮನೆಯಿಂದ ಕೂಗು ಬಂತು. ಮೊದಲಿನ ಹಾಗೆ, ಅಸಹನೆಯ, ಹಸಿದವರ ಕೂಗು.

“ಅಮ್ಮಾ, ಉಪ್ಪಿನಕಾಯಿ ಎಲ್ಲಿಟ್ಟಿದೀಯ?”

ಸುರಿಯುವ ಊಟಕ್ಕೆ ಯಾರೂ ಉಪ್ಪಿನಕಾಯಿ ಹುಡುಕುವುದಿಲ್ಲ. ನನ್ನ ಕಾಲು ಆಗಲೇ ಬಾಗಿಲ ಕಡೆ ಎರಡು ಹೆಜ್ಜೆ ಹೋಗಿತ್ತು. ಬಾಯಿಗೆ ಹತ್ತು ಮಾತು ಬಂದಿತ್ತು. ಬಂದೆ ಇರು, ನಾನೇ ಹಾಕ್ತೀನಿ, ಇನ್ನೊಂದು ಮುದ್ದೆ ಐತೆ ನೋಡು, ನನ್ನ ಬಂಗಾರ. ಒದ್ದೆ ಕೈಯಲ್ಲಿ ಬಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಮೇಲಿನ ಗೂಡಲ್ಲಿ ಐತೆ” ಎಂದೆ. ಅಷ್ಟೇ ಎಂದೆ.

ಒಳಗೆ ಸ್ಟೂಲ್ ಎಳೆದ ಸದ್ದು, ಜಾಡಿಯ ಮುಚ್ಚಳ ತೆಗೆದ ಸದ್ದು. “ಸಿಕ್ತು” ಎಂದಳು. ನಾನು ಅಲ್ಲೇ ನಿಂತಿದ್ದೆ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಹೋಗಲಿಲ್ಲ. ಅವಳ ಊಟ ಮುಗಿಯುವವರೆಗೂ ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಒಗೆದೆ.